ಪರದೇಶದ ಪ್ಲಗ್ಗಿಗೆ ನಮ್ಮೂರ ಪಿನ್ನು

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ, ಯಾವ ಊರಿನ ಪೇಟೆಗೆ ಹೋದರೂ ಮೋಟಾರ್ ರಿವೈಂಡಿಂಗ್, ಮಿಕ್ಸರ್ ರಿಪೇರಿ ಎಂದು ಬೋರ್ಡು ಬರೆಸಿದ ಸಣ್ಣ ಅಂಗಡಿ ಸಿಗುತ್ತದೆ. ಹೊಲದ ಪಂಪು ಸುಟ್ಟಾಗ ಕಾಯಿಲು ಸುತ್ತುವುದು, ಫ್ಯಾನಿಗೆ ಕೆಪ್ಯಾಸಿಟರ್ ಹಾಕುವುದು, ಮಿಕ್ಸರಿನ ಕಾರ್ಬನ್ ಬದಲಿಸುವುದು ಇಲ್ಲಿನ ದಿನದ ಕೆಲಸ. ಇವುಗಳ ನಡುವೆ ಆಗಾಗ ಬೇರೆ ಬಗೆಯ ಸಾಮಾನೊಂದು ಬರುತ್ತದೆ. ದುಬೈ, ಕುವೈತ್, ಮಸ್ಕತ್‌ಗಳಲ್ಲಿ ದುಡಿಯುವವರು ರಜೆಗೆ ಬಂದಾಗ ತಂದ ಇಸ್ತ್ರಿ ಪೆಟ್ಟಿಗೆ, ಅನ್ನದ ಕುಕ್ಕರ್, ನೀರು ಕಾಯಿಸುವ ಕೆಟಲ್. ಹುಬ್ಬಳ್ಳಿ-ಧಾರವಾಡದಲ್ಲಿ ಇಂಜಿನಿಯರಿಂಗ್ ಓದಿ ಅಮೆರಿಕ ಸೇರಿದ ಮಕ್ಕಳು ಹಳ್ಳಿಯ ಮನೆಗೆ ತಂದುಕೊಟ್ಟ ಕಾಫಿ ಯಂತ್ರ, ಮೊಣಕಾಲು ನೋವಿಗೆ ಶಾಖ ಕೊಡುವ ಪ್ಯಾಡ್. ಸಾಮಾನು ಹೊಸದು, ಚಲೋ ಕಂಪನಿಯದು. ಪ್ಲಗ್ಗು ಮಾತ್ರ ನಮ್ಮ ಗೋಡೆಯ ಸಾಕೆಟ್ಟಿಗೆ ಕೂಡುವುದಿಲ್ಲ. "ಇದರ ಟಾಪ್ ಬದ್ಲಿ ಮಾಡಿ ಕೊಡ್ರಿ" ಎಂದು ಜನ ಅಂಗಡಿಗೆ ಬರುತ್ತಾರೆ.

ಹೊರಗಿನಿಂದ ನೋಡಿದರೆ ಇದು ಹತ್ತು ನಿಮಿಷದ ಕೆಲಸ. ಹಳೆಯದನ್ನು ಕತ್ತರಿಸಿ, ಮೂರು ವೈರು ಸುಲಿದು, ಮೂರು ಸ್ಕ್ರೂ ಬಿಗಿದರೆ ಮುಗಿಯಿತು ಎನಿಸುತ್ತದೆ. ಆದರೆ ಹಳ್ಳಿಯ ವಾಯರಮನ್ ಒಬ್ಬರ ವಿದ್ಯೆ ಎಷ್ಟು ಆಳದ್ದು ಎಂದು ತಿಳಿಯಬೇಕಾದರೆ ಈ ಸಣ್ಣ ಕೆಲಸವನ್ನೇ ನೋಡಬೇಕು ಎಂದು ನಾನು ನಂಬಿದ್ದೇನೆ. ಪ್ಲಗ್ಗು ಎಂದರೆ ಕರೆಂಟು ಒಳಗೆ ಬರುವ ದಾರಿ ಮಾತ್ರವಲ್ಲ. ಪ್ರತಿ ದೇಶ ತನ್ನ ಮನೆಗಳ ವೈರಿಂಗಿಗೆ ತಕ್ಕಂತೆ, ತಾನು ಕಂಡ ಅಪಾಯಗಳಿಗೆ ತಕ್ಕಂತೆ ಒಂದಷ್ಟು ಕಾವಲನ್ನು ಅದರೊಳಗೆ ಇಟ್ಟಿರುತ್ತದೆ. ಅದನ್ನು ಕತ್ತರಿಸಿದ ಗಳಿಗೆಯಲ್ಲೇ ಆ ಕಾವಲೂ ಹೋಗುತ್ತದೆ. ಹೋದದ್ದು ಏನೇನು ಎಂದು ತಿಳಿದು, ಅಷ್ಟನ್ನೂ ನಮ್ಮ ಟಾಪಿನಿಂದ, ನಮ್ಮ ಬೋರ್ಡಿನಿಂದ, ನಮ್ಮ ಮಣ್ಣಿನಿಂದ ತುಂಬಿಕೊಡುವವರೇ ಬಲ್ಲವರು.

ಬಲ್ಲ ಮಿಸ್ತ್ರಿಯ ಕೈ ಮೊದಲು ಪಕ್ಕಡಕ್ಕೆ ಹೋಗುವುದಿಲ್ಲ. ಸಾಮಾನನ್ನು ಬೋರಲು ಹಾಕಿ ತಳದ ನೇಮ್‌ಪ್ಲೇಟ್ ಓದುತ್ತಾರೆ. ಅಕ್ಷರ ತೀರ ಸಣ್ಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡುತ್ತಾರೆ. ಎಷ್ಟು ವೋಲ್ಟ್, ಎಷ್ಟು ಹರ್ಟ್ಸ್, ಎಷ್ಟು ವ್ಯಾಟ್? ಜೊತೆಗೆ ಒಂದು ಚೌಕದೊಳಗೆ ಇನ್ನೊಂದು ಚೌಕ ಬರೆದ ಗುರುತು ಇದೆಯೇ? ಆ ಗುರುತಿದ್ದರೆ ಸಾಮಾನಿಗೆ ಎರಡು ಪದರದ ಇನ್ಸುಲೇಶನ್ ಇದೆ, ಅರ್ಥ್ ಬೇಕಿಲ್ಲ, ಎರಡೇ ವೈರು ಸಾಕು ಎಂದರ್ಥ. ಇಲ್ಲದಿದ್ದರೆ ಮೂರನೆಯ ವೈರು ಇರಲೇಬೇಕು.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್. ಕೊಲ್ಲಿಯ ಹೆಚ್ಚಿನ ನಾಡುಗಳಲ್ಲೂ ಇಂಗ್ಲೆಂಡಿನಲ್ಲೂ 220ರಿಂದ 240 ವೋಲ್ಟ್, ಅದೇ 50 ಹರ್ಟ್ಸ್. ಅಲ್ಲಿಂದ ಬಂದ ಸಾಮಾನಿಗೆ ಟಾಪ್ ಬದಲಿಸಿದರೆ ಸಾಕು. ಅಮೆರಿಕದ್ದು 120 ವೋಲ್ಟ್, 60 ಹರ್ಟ್ಸ್. ಜಪಾನಿನದು 100 ವೋಲ್ಟ್, ಅದರಲ್ಲೂ ಪೂರ್ವದ ಟೋಕಿಯೊ ಕಡೆ 50 ಹರ್ಟ್ಸ್, ಪಶ್ಚಿಮದ ಒಸಾಕಾ ಕಡೆ 60. ಇವಕ್ಕೆ ಸುಮ್ಮನೆ ಟಾಪ್ ಬದಲಿಸಿ ನಮ್ಮ ಸಾಕೆಟ್ಟಿಗೆ ಚುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕವಿದೆ. ಕಾಯುವ ತಂತಿಯ ಸಾಮಾನಿನಲ್ಲಿ ವೋಲ್ಟೇಜ್ ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ. ಅಮೆರಿಕದ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ನಮ್ಮ 230 ವೋಲ್ಟಿಗೆ 3,600 ವ್ಯಾಟನ್ನೂ ದಾಟುತ್ತದೆ. ತಂತಿ ಕಡಿದುಹೋದರೆ ಪುಣ್ಯ, ಕಡಿಯುವ ಮೊದಲು ಬಟ್ಟೆಗೋ ಹಾಸಿಗೆಗೋ ಬೆಂಕಿ ಹತ್ತಬಹುದು. ಮೊಣಕಾಲಿಗೆ ಕಟ್ಟಿಕೊಳ್ಳುವ ಶಾಖದ ಪ್ಯಾಡಿನಲ್ಲಿ ಇದೇ ತಪ್ಪಾದರೆ ಏನಾದೀತು ಎಂದು ಹೇಳಬೇಕಾಗಿಲ್ಲ.

ಹಾಗಾಗಿ ಇಲ್ಲ ಎನ್ನುವುದೂ ಈ ಕಸುಬಿನ ಒಂದು ಭಾಗ.

"ಯವ್ವಾ, ಇದು ನಮ್ಮ ಕರೆಂಟಿಗೆ ನಡಿಯೂದಿಲ್ಲ ಬೇ. ಹಚ್ಚಿದ್ರ ಸುಟ್ಟು ಹೊಕ್ಕೈತಿ."

"ಯಪ್ಪಾ, ನನ್ನ ಮಗಾ ಅಷ್ಟು ದೂರದಿಂದ ಹೊತ್ಕೊಂಡ ಬಂದಾನ. ಹೆಂಗರ ಮಾಡಿ ನಡಸಪಾ."

ಇಂಥ ಮಾತಿನ ಎದುರು ನಿಂತು, ಕೈಗೆ ಬಂದ ದುಡ್ಡನ್ನೂ ಬಿಟ್ಟು, ಟ್ರಾನ್ಸ್‌ಫಾರ್ಮರ್ ಇಲ್ಲದೆ ಇದನ್ನು ಹಚ್ಚಬೇಡ ಎಂದು ಹೇಳುವ ಮಿಸ್ತ್ರಿಯನ್ನು ನಾನು ದೊಡ್ಡವರೆಂದು ಎಣಿಸುತ್ತೇನೆ.

ಕೆಲವು ಸಾಮಾನಿಗೆ ಟ್ರಾನ್ಸ್‌ಫಾರ್ಮರ್ ಸರಿಯಾದ ದಾರಿ. 230ನ್ನು 110ಕ್ಕೆ ಇಳಿಸುವ ಪೆಟ್ಟಿಗೆ ಹುಬ್ಬಳ್ಳಿಯ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಹೇಳಿ ತರಿಸಬಹುದು. ಮೋಟಾರಿನ ಸಾಮಾನಾದರೆ ಅದರ ವ್ಯಾಟಿನ ಎರಡರಷ್ಟು ಶಕ್ತಿಯ ಪೆಟ್ಟಿಗೆ ಬೇಕು, ಏಕೆಂದರೆ ತಿರುಗಲು ಶುರುವಾಗುವ ಹೊತ್ತಿನಲ್ಲಿ ಮೋಟಾರು ಹಲವು ಪಟ್ಟು ಕರೆಂಟು ಎಳೆಯುತ್ತದೆ. ಆದರೆ ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಬದಲಿಸಬಲ್ಲದೇ ಹೊರತು ಹರ್ಟ್ಸನ್ನಲ್ಲ. ಇಲ್ಲಿಯೇ ಹಲವರು ಎಡವುತ್ತಾರೆ, ಅದರಲ್ಲೂ ಸೌದಿಯಿಂದ ತಂದ ಸಾಮಾನಿನಲ್ಲಿ. ಸೌದಿ ಅರೇಬಿಯಾದ ಕರೆಂಟು 60 ಹರ್ಟ್ಸಿನದು. ನೇಮ್‌ಪ್ಲೇಟಿನಲ್ಲಿ 220 ವೋಲ್ಟ್ ಎಂದು ಕಂಡ ಕೂಡಲೇ ನಮ್ಮದೇ ಎಂದುಕೊಂಡು ಪಕ್ಕದ 60ನ್ನು ಓದದೆ ಬಿಡುತ್ತಾರೆ. 60 ಹರ್ಟ್ಸಿನ ಟೇಬಲ್ ಫ್ಯಾನು ಇಲ್ಲಿ ಸುಮಾರು ಆರನೇ ಒಂದು ಭಾಗ ನಿಧಾನವಾಗಿ ತಿರುಗುತ್ತದೆ, ಹೆಚ್ಚು ಕಾಯುತ್ತದೆ. ಕರೆಂಟಿನ ಲಯವನ್ನೇ ಎಣಿಸಿ ನಡೆಯುವ ಗಡಿಯಾರವಾದರೆ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ. ಇಸ್ತ್ರಿ ಪೆಟ್ಟಿಗೆ, ಕೆಟಲ್‌ಗಳಿಗೆ ಹರ್ಟ್ಸಿನ ಗೊಡವೆಯಿಲ್ಲ. ಕಾರ್ಬನ್ ಬ್ರಷ್ ಇರುವ ಮಿಕ್ಸರ್, ಡ್ರಿಲ್ಲುಗಳಿಗೂ ಇಲ್ಲ. ಮೊಬೈಲ್ ಮತ್ತು ಲ್ಯಾಪ್‌ಟಾಪ್ ಚಾರ್ಜರುಗಳ ಮೇಲೆ 100-240 ವೋಲ್ಟ್, 50/60 ಹರ್ಟ್ಸ್ ಎಂದು ಅಚ್ಚಾಗಿರುತ್ತದೆ, ಅವು ಎಲ್ಲಿ ಬೇಕಾದರೂ ನಡೆಯುತ್ತವೆ. ಹೀಗೆ ಸಾಮಾನಿನ ಹೊಟ್ಟೆಯಲ್ಲಿ ಕಾಯುವ ತಂತಿ ಇದೆಯೋ, ಬ್ರಷ್ ಮೋಟಾರೋ, ಬ್ರಷ್ ಇಲ್ಲದ ಮೋಟಾರೋ, ಎಲೆಕ್ಟ್ರಾನಿಕ್ ಬೋರ್ಡೋ ಎಂದು ಬಿಚ್ಚದೆಯೇ ಊಹಿಸುವುದು ಮೋಟಾರು ಸುತ್ತಿ ಸುತ್ತಿ ಬಂದ ಅರಿವು. ಪಂಪಿನ ಕಾಯಿಲು ಸುತ್ತುವ ಕೈಗೆ ಕಾಫಿ ಯಂತ್ರವೂ ಅರ್ಥವಾಗುವುದು ಇದೇ ಕಾರಣಕ್ಕೆ.

ಜಗತ್ತಿಗೆಲ್ಲ ಒಂದೇ ಕರೆಂಟು, ಒಂದೇ ಪ್ಲಗ್ಗು ಯಾಕಿಲ್ಲ? ಒಂದೊಂದು ದೇಶದಲ್ಲಿ ಒಂದೊಂದು ಕಂಪನಿ ತನಗೆ ತೋಚಿದಂತೆ ಶುರು ಮಾಡಿದ್ದರ ಫಲ ಇದು. ನಮ್ಮ ನಾಡಿನಲ್ಲೇ ನೋಡಿ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ಕರೆಂಟು 25 ಸೈಕಲ್ಲಿನದು, ಇಂದಿನದರ ಅರ್ಧ. ನಾವು ಇವತ್ತು ಬಳಸುವ ಮೂರು ಗುಂಡು ಪಿನ್ನಿನ ಟಾಪ್ ಕೂಡ ಇಂಗ್ಲೆಂಡಿನಿಂದ ಬಂದದ್ದು. ಬಿಎಸ್ 546 ಎಂಬ ಅಲ್ಲಿನ ಮಾನಕದ 5 ಮತ್ತು 15 ಆಂಪಿಯರಿನ ಪ್ಲಗ್ಗುಗಳೇ ನಮ್ಮ ಐಎಸ್ 1293ರಲ್ಲಿ ಈಗ 6 ಮತ್ತು 16 ಆಂಪಿಯರ್ ಆಗಿವೆ. ನಾವು ಉಳಿಸಿಕೊಂಡೆವು, ಇಂಗ್ಲೆಂಡು ಮಾತ್ರ ಬಿಟ್ಟುಕೊಟ್ಟಿತು. ಎರಡನೆಯ ಮಹಾಯುದ್ಧದ ನಂತರ ತಾಮ್ರದ ಕೊರತೆ ಇತ್ತು, ಮನೆಗಳನ್ನು ಲಕ್ಷಗಟ್ಟಲೆ ಕಟ್ಟಬೇಕಿತ್ತು. ಆಗ ಒಂದೇ ವೈರು ಮನೆಯನ್ನು ಸುತ್ತಿ ಬರುವಂಥ ಹೊಸ ವೈರಿಂಗ್ ಕ್ರಮ ತಂದರು. ಅದಕ್ಕೆಂದೇ 1947ರಲ್ಲಿ ಬಿಎಸ್ 1363 ಎಂಬ ಚಪ್ಪಟೆ ಪಿನ್ನಿನ 13 ಆಂಪಿಯರ್ ಪ್ಲಗ್ಗು ಹುಟ್ಟಿತು. ಅದರ ರೂಪುರೇಷೆ ಹಾಕಿದ ಸಮಿತಿಯಲ್ಲಿದ್ದ ಏಕೈಕ ಮಹಿಳೆ ಕ್ಯಾರೊಲಿನ್ ಹ್ಯಾಸ್ಲೆಟ್, ಇಂಜಿನಿಯರು. ಮಗುವಿನ ಬೆರಳು ಕರೆಂಟಿಗೆ ತಾಗದಂತೆ ಸಾಕೆಟ್ಟಿನ ತೂತಿಗೆ ಮುಚ್ಚಳ ಇರಬೇಕೆಂಬ ಮಾತಿಗೆ ಆ ಸಮಿತಿ ಒತ್ತು ಕೊಟ್ಟಿತು. ಕೊಲ್ಲಿಯ ನಾಡುಗಳು ಈ ಹೊಸ ಪ್ಲಗ್ಗನ್ನೇ ತೆಗೆದುಕೊಂಡವು. ಅಣ್ಣಿಗೇರಿಯ ಅಂಗಡಿಗೆ ಇವತ್ತು ಬರುವ ದುಬೈ ಇಸ್ತ್ರಿ ಪೆಟ್ಟಿಗೆಯ ತುದಿಯಲ್ಲಿರುವುದು ಅದೇ.

ಎಲ್ಲರಿಗೂ ಒಂದೇ ಪ್ಲಗ್ಗು ಇರಲಿ ಎಂದು 1986ರಲ್ಲಿ ಅಂತರರಾಷ್ಟ್ರೀಯ ಮಾನಕವೊಂದು ಬಂತು. ಬ್ರೆಜಿಲ್ ಮತ್ತು ದಕ್ಷಿಣ ಆಫ್ರಿಕ ಬಿಟ್ಟರೆ ಅದನ್ನು ಕೈಗೆತ್ತಿಕೊಂಡವರು ಇಲ್ಲ ಎನ್ನುವಷ್ಟು ಕಡಿಮೆ. ಇದ್ದಬದ್ದ ಗೋಡೆಗಳನ್ನೆಲ್ಲ ಒಡೆಯುವುದು ಯಾರಿಗೂ ಸಾಧ್ಯವಾಗಲಿಲ್ಲ. ಹಾಗಾಗಿ ಟಾಪ್ ಬದಲಿಸುವ ಕೈಗಳಿಗೆ ಕೆಲಸ ಉಳಿದಿದೆ.

ಇನ್ನು ಬಣ್ಣದ ಮಾತು. ಇದರಲ್ಲಿ ತಪ್ಪಿದರೆ ಜೀವಕ್ಕೇ ಸಂಚಕಾರ. ನಮ್ಮ ಮನೆಯ ಹಳೆಯ ವೈರಿಂಗಿನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಇಂಗ್ಲೆಂಡು, ಯುರೋಪು, ಕೊಲ್ಲಿಯ ಸಾಮಾನಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದು ಅರ್ಥ್. ಈಗ ನಮ್ಮ ಹೊಸ ಸಾಮಾನುಗಳಲ್ಲೂ ಇದೇ ಬರುತ್ತಿದೆ. ಅಮೆರಿಕದ ಮೂರು ವೈರಿನ ಸಾಮಾನಿನಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್, ಹಸಿರು ಅರ್ಥ್. ನಮ್ಮಲ್ಲಿ ನಿರುಪದ್ರವಿ ಎಂದು ಕಲಿತ ಕಪ್ಪು ಅಲ್ಲಿ ಜೀವಂತ ವೈರು. ಎರಡೂ ವೈರು ಒಂದೇ ಬಣ್ಣದ, ಅಂಟಿಕೊಂಡಿರುವ ಚಪ್ಪಟೆ ವೈರಾದರೆ ಬೆರಳಿನಿಂದ ಸವರಿ ನೋಡಬೇಕು: ಗೀರು ಗೀರಾಗಿರುವುದು ನ್ಯೂಟ್ರಲ್, ನುಣುಪಾಗಿರುವುದು ಫೇಸ್. ಇದನ್ನು ಅಂಗಡಿಯಲ್ಲಿ ಕಣ್ಣು ಮುಚ್ಚಿ ಬೆರಳಿನಿಂದಲೇ ಹೇಳುವವರಿದ್ದಾರೆ. ಆದರೂ ಬಲ್ಲವರು ಬಣ್ಣವನ್ನಾಗಲಿ ಗೀರನ್ನಾಗಲಿ ಪೂರ್ತಿ ನಂಬುವುದಿಲ್ಲ. ಮೀಟರಿನ ಒಂದು ಕಡ್ಡಿಯನ್ನು ವೈರಿನ ತುದಿಗೆ, ಇನ್ನೊಂದನ್ನು ಸಾಮಾನಿನ ಸ್ವಿಚ್ಚಿಗೆ, ಆಮೇಲೆ ಲೋಹದ ಮೈಗೆ ಮುಟ್ಟಿಸಿ ಯಾವುದು ಎಲ್ಲಿಗೆ ಹೋಗಿದೆ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಫೇಸ್ ಸ್ವಿಚ್ಚಿನ ಮೂಲಕವೇ ಹೋಗಬೇಕು. ಅದಲು ಬದಲಾದರೂ ಸಾಮಾನು ನಡೆಯುತ್ತದೆ, ಆದರೆ ಸ್ವಿಚ್ ಆರಿಸಿದಾಗಲೂ ಒಳಗೆ ಕರೆಂಟು ನಿಂತೇ ಇರುತ್ತದೆ. ಕೆಲಸ ಮಾಡುತ್ತಿದೆ ಎಂಬುದು ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಕಟ್ಟುವ ಕೆಲಸದ ಅಚ್ಚುಕಟ್ಟು ನೋಡಲು ಬಹಳ ಚಂದ. ಹೊರಗಿನ ದಪ್ಪ ತೊಗಟೆಯನ್ನು ಸುಲಿಯುವಾಗ ಒಳಗಿನ ಬಣ್ಣದ ಇನ್ಸುಲೇಶನ್ನಿಗೆ ಬ್ಲೇಡು ತಾಗಬಾರದು. ಮೂರು ವೈರುಗಳನ್ನು ಸಮನಾಗಿ ಕತ್ತರಿಸುವುದಿಲ್ಲ. ಅರ್ಥ್ ವೈರು ಎಲ್ಲಕ್ಕಿಂತ ಉದ್ದ, ಫೇಸ್ ಎಲ್ಲಕ್ಕಿಂತ ಗಿಡ್ಡ. ನಾಳೆ ಯಾರಾದರೂ ವೈರಿಗೆ ಕಾಲು ಸಿಕ್ಕಿಸಿ ಜಗ್ಗಿದರೆ ಮೊದಲು ಕಿತ್ತು ಬರಬೇಕಾದದ್ದು ಫೇಸ್, ಕೊನೆಯವರೆಗೂ ಹಿಡಿದಿರಬೇಕಾದದ್ದು ಅರ್ಥ್. ತಾಮ್ರದ ಎಳೆಗಳನ್ನು ಹೊಸೆದು, ಮಡಚಿ, ಸ್ಕ್ರೂ ಬಿಗಿಯುವ ದಿಕ್ಕಿನಲ್ಲೇ ಸುತ್ತುತ್ತಾರೆ. ಉಲ್ಟಾ ಸುತ್ತಿದರೆ ಬಿಗಿದಂತೆಲ್ಲ ಎಳೆ ಹೊರಗೆ ಬರುತ್ತದೆ. ಹೊರಗೆ ಉಳಿದ ಒಂದೇ ಕೂದಲೆಳೆಯಷ್ಟು ತಾಮ್ರ ಪಕ್ಕದ ಪಿನ್ನಿಗೆ ತಾಗಿದರೂ ಸಾಕು, ಶಾರ್ಟ್. ತುದಿಗೆ ಬೆಸುಗೆ ಹಾಕಿ ಗಟ್ಟಿ ಮಾಡಿದರೆ ಚಲೋ ಎಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಬೆಸುಗೆಯ ಸೀಸ ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಹರಡಿಕೊಳ್ಳುತ್ತದೆ, ಕೆಲವು ತಿಂಗಳಲ್ಲಿ ಹಿಡಿತ ಸಡಿಲವಾಗಿ ಟಾಪ್ ಕಾಯತೊಡಗುತ್ತದೆ. ಬರೀ ತಾಮ್ರವೇ ಸರಿ, ಇಲ್ಲವೇ ಒತ್ತಿ ಕೂರಿಸುವ ಲಗ್. ಕೊನೆಗೆ ವೈರು ಟಾಪಿನೊಳಗೆ ಬರುವ ಜಾಗದ ಹಿಡಿಕೆಪಟ್ಟಿ ದಪ್ಪ ತೊಗಟೆಯನ್ನೇ ಕಚ್ಚಿ ಹಿಡಿಯಬೇಕು, ಒಳಗಿನ ತೆಳು ವೈರನ್ನಲ್ಲ. ಸಂತೆಯಲ್ಲಿ ಸಿಗುವ ಅಗ್ಗದ ಟಾಪುಗಳಲ್ಲಿ ಈ ಪಟ್ಟಿಯೇ ಇರುವುದಿಲ್ಲ. ಐಎಸ್‌ಐ ಗುರುತಿನ, ತೂಕದ ಹಿತ್ತಾಳೆ ಪಿನ್ನಿನ ಟಾಪನ್ನೇ ಹಾಕುತ್ತೇನೆ ಎಂದು ಹಟ ಹಿಡಿಯುವ ಮಿಸ್ತ್ರಿ ನಮಗಾಗಿ ಹಟ ಹಿಡಿದಿದ್ದಾರೆ ಎಂದು ತಿಳಿಯಬೇಕು.

ಈಗ ಕತ್ತರಿಸಿ ಬಿಟ್ಟ ಹಳೆಯ ಪ್ಲಗ್ಗಿಗೆ ಬರೋಣ. ಕೊಲ್ಲಿಯ ಪ್ಲಗ್ಗಿನೊಳಗೆ ಬಿಳಿ ಪಿಂಗಾಣಿಯ ಸಣ್ಣ ಫ್ಯೂಸ್ ಇರುತ್ತದೆ: ಕೆಟಲ್, ಇಸ್ತ್ರಿ ಪೆಟ್ಟಿಗೆಗಳಿಗೆ 13 ಆಂಪಿಯರ್, ಟೇಬಲ್ ದೀಪದಂಥವಕ್ಕೆ 3 ಆಂಪಿಯರ್. ಇಡೀ ಮನೆಯನ್ನು ಸುತ್ತುವ ಇಂಗ್ಲೆಂಡಿನ ವೈರಿಗೆ 32 ಆಂಪಿಯರ್ ಕಾವಲಿರುವುದರಿಂದ ಸಾಮಾನಿನ ತೆಳ್ಳನೆಯ ವೈರನ್ನು ಕಾಯಲು ಪ್ಲಗ್ಗಿನಲ್ಲೇ ಬೇರೆ ಫ್ಯೂಸ್ ಇಟ್ಟರು. ನಮ್ಮ ಟಾಪಿನಲ್ಲಿ ಫ್ಯೂಸ್ ಇಲ್ಲ. ಅಲ್ಲಿ 3 ಆಂಪಿಯರಿನ ಕಾವಲಿನಲ್ಲಿದ್ದ ತೆಳು ವೈರಿಗೆ ಇಲ್ಲಿ 16 ಆಂಪಿಯರಿನ ದೊಡ್ಡ ಟಾಪ್ ಹಾಕಿ ಅಡುಗೆಮನೆಯ ಪವರ್ ಪ್ಲಗ್ಗಿಗೆ ಚುಚ್ಚಿದರೆ, ಒಳಗೆ ಕೆಟ್ಟಾಗ ಬೋರ್ಡಿನ ಎಂಸಿಬಿ ಬೀಳುವ ಮೊದಲು ವೈರೇ ಕರಗೀತು. ಅದಕ್ಕೇ ತಿಳಿದವರು ಸಣ್ಣ ಸಾಮಾನಿಗೆ 6 ಆಂಪಿಯರ್ ಟಾಪನ್ನೇ ಕಟ್ಟುತ್ತಾರೆ. ಅದನ್ನು ಚುಚ್ಚುವ ಬೋರ್ಡಿನ ಫ್ಯೂಸನ್ನೂ ನೋಡುತ್ತಾರೆ. ಹಳೆಯ ಮನೆಗಳ ಕಿಟ್‌ಕ್ಯಾಟ್ ಫ್ಯೂಸಿನಲ್ಲಿ ಯಾರೋ ದಪ್ಪ ತಾಮ್ರದ ತಂತಿ ಸುತ್ತಿಟ್ಟಿದ್ದರೆ ಅದನ್ನು ಕಿತ್ತು ಸರಿಯಾದ ಫ್ಯೂಸ್ ವೈರು ಹಾಕುತ್ತಾರೆ. ಕತ್ತರಿಸಿದ ಪ್ಲಗ್ಗನ್ನೂ ಹಾಗೇ ಬಿಸಾಡುವುದಿಲ್ಲ. ಫ್ಯೂಸ್ ತೆಗೆದು, ಪಿನ್ನು ಬಗ್ಗಿಸಿ ಎಸೆಯುತ್ತಾರೆ. ತುಂಡು ವೈರು ನೇತಾಡುವ ಪ್ಲಗ್ಗು ಹುಡುಗರ ಕೈಗೆ ಸಿಕ್ಕು, ಎಲ್ಲ ಬಗೆಯ ಪಿನ್ನೂ ಕೂಡುವ ಯೂನಿವರ್ಸಲ್ ಸಾಕೆಟ್ಟಿಗೆ ಹೋದರೆ ಬರಿಗಂಬಿಯಲ್ಲಿ ಕರೆಂಟು ಬಂದು ನಿಲ್ಲುತ್ತದೆ.

ಯುರೋಪಿನ ಗುಂಡನೆಯ ಎರಡು ಪಿನ್ನಿನ ಪ್ಲಗ್ಗು ಇನ್ನೊಂದು ಬಗೆಯ ಮೋಸ ಮಾಡುತ್ತದೆ. ಅದರ ಪಿನ್ನುಗಳ ನಡುವಿನ ಅಂತರ ನಮ್ಮ 6 ಆಂಪಿಯರ್ ಸಾಕೆಟ್ಟಿನಷ್ಟೇ, ಸುಮಾರು 19 ಮಿಲಿಮೀಟರು. ಮುಚ್ಚಳವಿರುವ ಸಾಕೆಟ್ಟಾದರೆ ಮೇಲಿನ ದೊಡ್ಡ ತೂತಿಗೆ ಪೆನ್ನು ತೂರಿ ಮುಚ್ಚಳ ತೆರೆಸಿ ಜನ ಅದನ್ನು ಚುಚ್ಚಿಬಿಡುತ್ತಾರೆ. ಸಾಮಾನು ನಡೆಯುತ್ತದೆ. ಆದರೆ ಜರ್ಮನಿಯ ಆ ದಪ್ಪ ಪ್ಲಗ್ಗಿನ ಅರ್ಥ್ ಇರುವುದು ಪಿನ್ನಿನಲ್ಲಲ್ಲ, ಎರಡು ಬದಿಯ ಲೋಹದ ಪಟ್ಟಿಯಲ್ಲಿ. ನಮ್ಮ ಸಾಕೆಟ್ಟಿನಲ್ಲಿ ಅದಕ್ಕೆ ತಾಗುವಂಥದ್ದು ಏನೂ ಇಲ್ಲ. ಕಬ್ಬಿಣದ ಮೈಯ ಸಾಮಾನು ಅರ್ಥ್ ಇಲ್ಲದೆ ನಿಂತಿರುತ್ತದೆ, ನೋಡಿದವರಿಗೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ.

ನಮ್ಮ ಟಾಪಿನ ಮೂರನೆಯ ಪಿನ್ನು ಉಳಿದೆರಡಕ್ಕಿಂತ ದಪ್ಪ, ಉದ್ದ. ದಪ್ಪ ಇರುವುದರಿಂದ ಅದು ಬೇರೆ ತೂತಿಗೆ ಹೋಗಲಾರದು. ಉದ್ದ ಇರುವುದರಿಂದ ಚುಚ್ಚುವಾಗ ಮೊದಲು ಕೂಡುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ. ಇಷ್ಟೆಲ್ಲ ಯೋಚಿಸಿ ಮಾಡಿದ ಪಿನ್ನಿನ ಹಿಂದೆ ಗೋಡೆಯಲ್ಲಿ ವೈರೇ ಇರದ ಮನೆಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇವೆ. ಸಾಕೆಟ್ಟಿನ ಮೇಲಿನ ತೂತು ಬರೀ ತೂತು. ಅಂಥ ಮನೆಯಲ್ಲಿ ಪರದೇಶದ ಸಾಮಾನಿಗೆ ಎಷ್ಟೇ ಚಂದದ ಟಾಪ್ ಕಟ್ಟಿದರೂ ಕೆಲಸ ಅರ್ಧವೇ. ಅರ್ಥ್ ಎಂದರೆ ಹೊಲದ ಬದುವಿನಲ್ಲಿ ಇಟ್ಟ ಕೋಡಿ. ಮಳೆ ಹೆಚ್ಚಾದಾಗ ನೀರು ಒಡ್ಡನ್ನು ಒಡೆಯದೆ ಅಲ್ಲಿಂದ ಹೊರಗೆ ಹೋಗುತ್ತದೆ. ಸಾಮಾನಿನ ಮೈಗೆ ಫೇಸ್ ತಾಗಿದಾಗ ಕರೆಂಟು ಮನುಷ್ಯನ ಮೈಯಿಂದ ಹಾಯದೆ ಈ ದಾರಿಯಲ್ಲಿ ಹೋಗಿ ಫ್ಯೂಸನ್ನು ಸುಡಬೇಕು.

ಈ ದಾರಿ ಕೊನೆಗೆ ಮುಟ್ಟುವುದು ಮಣ್ಣಿಗೆ, ನಮ್ಮ ಧಾರವಾಡ ಜಿಲ್ಲೆಯಲ್ಲಿ ಮಣ್ಣು ಎಲ್ಲ ಕಡೆ ಒಂದೇ ಅಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಯರಿ ಭೂಮಿ. ಹಸಿಯಾಗಿರುವಾಗ ಈ ಕರಿಮಣ್ಣು ಕರೆಂಟನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ, ಆ ಮಟ್ಟಿಗೆ ಅರ್ಥಿಂಗಿಗೆ ಇದಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಆದರೆ ಏಪ್ರಿಲ್, ಮೇ ತಿಂಗಳಿಗೆ ಇದೇ ಮಣ್ಣು ಕುಗ್ಗಿ, ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹುಗಿದ ಪೈಪಿನ ಸುತ್ತಲೂ ಮಣ್ಣು ಬಿಟ್ಟುಕೊಂಡು ಗಾಳಿ ಉಳಿಯುತ್ತದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥ್ ಬೇಸಿಗೆಯಲ್ಲಿ ಹೆಸರಿಗೆ ಮಾತ್ರ. ಕಲಘಟಗಿ ಮಲೆನಾಡಿನ ಸೆರಗು. ಅಲ್ಲಿ ಕೆಂಪು ಮಣ್ಣು, ಮಳೆ ಹೆಚ್ಚು, ಬಿರುಕಿನ ಕಾಟ ಕಡಿಮೆ, ಆದರೆ ಜಲ್ಲಿಗಲ್ಲಿನ ನೆಲದಲ್ಲಿ ಕರೆಂಟು ಅಷ್ಟು ಸಲೀಸಾಗಿ ಹರಿಯುವುದಿಲ್ಲ, ಇನ್ನೂ ಆಳಕ್ಕೆ ಹೋಗಬೇಕಾಗುತ್ತದೆ.

ಅರ್ಥಿಂಗಿನ ಮಾನಕ ಐಎಸ್ 3043. ಅದರ ಪ್ರಕಾರ ಜಿಐ ಪೈಪು ಕನಿಷ್ಠ 2.5 ಮೀಟರ್ ಉದ್ದ ಇರಬೇಕು. ಗುಂಡಿ ತೋಡಿ, ಪೈಪು ನಿಲ್ಲಿಸಿ, ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ಹಾಕಿ ಮುಚ್ಚುವುದು ಹಳೆಯ ಪದ್ಧತಿ. ಉಪ್ಪು ತೇವ ಹಿಡಿಯುತ್ತದೆ, ಇದ್ದಿಲು ಕರೆಂಟು ಹರಿಸುತ್ತದೆ. ಪೈಪಿನ ಬಾಯಿಗೆ ನೀರು ಹೊಯ್ಯಲು ಆಲಿಕೆ ಇಟ್ಟಿರುತ್ತಾರೆ, ಬೇಸಿಗೆಯಲ್ಲಿ ವಾರಕ್ಕೊಂದೆರಡು ಕೊಡ ನೀರು ಬಿದ್ದರೆ ಅರ್ಥ್ ಬದುಕಿರುತ್ತದೆ. ನಮ್ಮ ಕಡೆಯ ಹಿರಿಯ ಮಿಸ್ತ್ರಿಗಳು ಇನ್ನೂ ಜಾಣರು. ಬಚ್ಚಲ ನೀರು ಹರಿಯುವ ಬದಿಗೇ ಗುಂಡಿ ತೋಡಿಸುತ್ತಾರೆ, ದಿನಾ ಸ್ನಾನ ಮಾಡಿದ ನೀರು ಮಣ್ಣನ್ನು ಹಸಿಯಾಗಿ ಇಡುತ್ತದೆ. ಯರಿ ನೆಲದ ಸ್ವಭಾವ ಒಕ್ಕಲಿಗನಿಗೆ ತಿಳಿದಿರುವಷ್ಟೇ ಇವರಿಗೂ ತಿಳಿದಿದೆ.

ಗುಂಡಿ ತೋಡುವ ಖರ್ಚು ಉಳಿಸಲು ಕೆಲವರು ಸಾಕೆಟ್ಟಿನ ಹಿಂದೆ ನ್ಯೂಟ್ರಲನ್ನೇ ಅರ್ಥ್ ಪಿನ್ನಿಗೆ ಜೋಡಿಸಿ ಕೈ ತೊಳೆದುಕೊಳ್ಳುತ್ತಾರೆ. ಇದಕ್ಕಿಂತ ಕೆಟ್ಟ ಕೆಲಸ ಈ ಕಸುಬಿನಲ್ಲಿಲ್ಲ. ಗಾಳಿಗೋ ತುಕ್ಕಿಗೋ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಆ ಮನೆಯ ಇಸ್ತ್ರಿ ಪೆಟ್ಟಿಗೆ, ಫ್ರಿಜ್ಜು, ವಾಷಿಂಗ್ ಮಷೀನಿನ ಮೈಗೆಲ್ಲ ಫೇಸ್ ಬಂದು ನಿಲ್ಲುತ್ತದೆ. ಮುಟ್ಟಿದವರು ಉಳಿಯುವುದು ಅದೃಷ್ಟ.

ಕಟ್ಟಿದ ಮೇಲೆ ಪರೀಕ್ಷೆ. ಅಂಗಡಿಯ ಗೋಡೆಗೆ ಸೀರೀಸ್ ಬೋರ್ಡು ಇರುತ್ತದೆ, ಕರೆಂಟಿನ ದಾರಿಯಲ್ಲಿ ಒಂದು ಬಲ್ಬು ಸೇರಿಸಿದ್ದು. ಹೊಸ ಟಾಪನ್ನು ಮೊದಲು ಅದಕ್ಕೇ ಚುಚ್ಚುತ್ತಾರೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಹೇಳಿಬಿಡುತ್ತದೆ, ಸಾಮಾನಿಗೂ ಗೋಡೆಗೂ ಏನೂ ಆಗುವುದಿಲ್ಲ. ಆಮೇಲೆ ಸೀರೀಸಿನ ಒಂದು ತುದಿ ಫೇಸ್ ಪಿನ್ನಿಗೆ, ಇನ್ನೊಂದು ಸಾಮಾನಿನ ಮೈಗೆ ಹಿಡಿದಾಗ ಬಲ್ಬು ಸ್ವಲ್ಪವೂ ಮಿಣುಕಬಾರದು. ಮನೆಗೆ ಬಂದು ಕೂರಿಸುವವರಾದರೆ ಫೇಸಿಗೂ ಅರ್ಥಿಗೂ ನಡುವೆ 100 ವ್ಯಾಟಿನ ಬಲ್ಬು ಹಿಡಿದು ನೋಡುತ್ತಾರೆ. ಉರಿಯದಿದ್ದರೆ ಅರ್ಥ್ ಇಲ್ಲ, ಮಂಕಾಗಿ ಉರಿದರೆ ಸೊರಗಿದೆ. ಚೆನ್ನಾಗಿ ಉರಿದರೂ ನೂರಕ್ಕೆ ನೂರು ನಂಬಲಾಗದು, ಏಕೆಂದರೆ ಆ ಬಲ್ಬಿಗೆ ಅರ್ಧ ಆಂಪಿಯರೂ ಬೇಕಿಲ್ಲ, ಫ್ಯೂಸು ಸುಡಲು ಅದರ ಹಲವು ಪಟ್ಟು ಬೇಕು. ಹಾಗಾಗಿ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿಯನ್ನು ಮೇನ್ ಬೋರ್ಡಿನಲ್ಲಿ ಕೂರಿಸಿಕೊಳ್ಳಿ ಎಂದು ಹೊಸ ತಲೆಮಾರಿನ ಐಟಿಐ ಹುಡುಗರು ಹೇಳುತ್ತಾರೆ. ಅದು ಇದ್ದ ಮನೆಯಲ್ಲಿ ಬಲ್ಬಿನ ಈ ಪರೀಕ್ಷೆ ಮಾಡಿದರೆ ಆರ್‌ಸಿಸಿಬಿ ಕೂಡಲೇ ಬೀಳುತ್ತದೆ, ಬೀಳಲೇಬೇಕು.

ಸಾಮಾನು ಇಲ್ಲಿಂದ ಅಲ್ಲಿಗೂ ಹೋಗುತ್ತದೆ. ಮಗಳು ಲಂಡನ್ನಿಗೋ ದೋಹಾಕ್ಕೋ ಹೊರಟಾಗ ಶೇಂಗಾ ಚಟ್ನಿ ಪುಡಿ ಮಾಡಿಕೊಳ್ಳಲು ಇಲ್ಲಿನ ಮಿಕ್ಸರೇ ಬೇಕು ಎನ್ನುತ್ತಾಳೆ. ಅಲ್ಲಿಗಾದರೆ ಚಿಂತೆಯಿಲ್ಲ, ವೋಲ್ಟೂ ಅದೇ, ಹರ್ಟ್ಸೂ ಅದೇ. ನಮ್ಮ ಟಾಪ್ ತೆಗೆದು ಅಲ್ಲಿನ ಫ್ಯೂಸಿನ ಪ್ಲಗ್ಗು ಕಟ್ಟಬೇಕು. 750 ವ್ಯಾಟಿನ ಮಿಕ್ಸರು 230 ವೋಲ್ಟಿನಲ್ಲಿ 3 ಆಂಪಿಯರಿಗಿಂತ ಹೆಚ್ಚು ಎಳೆಯುವುದರಿಂದ 3 ಆಂಪಿಯರ್ ಫ್ಯೂಸ್ ಸಾಲದು. ಇಂಗ್ಲೆಂಡಿನಲ್ಲಿ ಸಾಮಾನಿಗೆ ಪ್ಲಗ್ಗು ಕೂರಿಸಿಯೇ ಮಾರಬೇಕು ಎಂಬ ನಿಯಮ ಬಂದದ್ದು 1994ರಲ್ಲಿ. ಅದಕ್ಕೆ ಮುಂಚೆ ಎಷ್ಟೋ ಸಾಮಾನು ಬರೀ ವೈರಿನ ತುದಿಯೊಂದಿಗೆ ಬರುತ್ತಿತ್ತು, ಮನೆಯವರೇ ಪ್ಲಗ್ಗು ಕಟ್ಟಿಕೊಳ್ಳುತ್ತಿದ್ದರು. ನಮ್ಮಲ್ಲೂ ಟಾಪ್ ಬೇರೆ ಕೊಂಡು ಹಾಕಿಸುವ ಕಾಲ ಒಂದಿತ್ತಲ್ಲ, ಹಾಗೆಯೇ.

ಅಮೆರಿಕಕ್ಕೆ ಒಯ್ಯುವ ಮಾತು ಬೇರೆ. ನಮ್ಮ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಅಲ್ಲಿನ 120 ವೋಲ್ಟಿಗೆ 270 ವ್ಯಾಟಿನಷ್ಟೇ ಕಾಯುತ್ತದೆ, ಅರಿವೆಯ ಸುಕ್ಕು ಹೋಗುವುದಿಲ್ಲ. 750 ವ್ಯಾಟಿನ ಮಿಕ್ಸರಿಗೆ 1500 ವಿಎ ಶಕ್ತಿಯ ಏರಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಭಾರ ಮಿಕ್ಸರಿನದಕ್ಕಿಂತ ಹೆಚ್ಚು. ನಮ್ಮ ದೇಶದ ಕಂಪನಿಗಳೇ ಮಾಡಿದ 110 ವೋಲ್ಟಿನ ಮಿಕ್ಸರುಗಳು ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಅಲ್ಲಿಯೇ ಕೊಳ್ಳುವುದು ಜಾಣತನ, ಜಾರುಗಳನ್ನು ಬೇಕಾದರೆ ಊರಿನಿಂದ ಒಯ್ಯಲಿ.

ರಜೆಗೆ ಬರುವವರಲ್ಲಿ ನನ್ನದೊಂದು ಕೇಳಿಕೆ. ಸಾಮಾನು ಕೊಳ್ಳುವ ಮೊದಲು ಅದರ ನೇಮ್‌ಪ್ಲೇಟಿನ ಫೋಟೋ ತೆಗೆದು ಊರಿನ ಮಿಸ್ತ್ರಿಗೆ ಕಳಿಸಿ ಕೇಳಿ. ಬಂದ ಮೇಲೆ ಪೆನ್ನು ತೂರಿಸಿ ಚುಚ್ಚಬೇಡಿ, ಯೂನಿವರ್ಸಲ್ ಅಡಾಪ್ಟರನ್ನು ಕಾಯಂ ಮಾಡಿಕೊಳ್ಳಬೇಡಿ, ಅಂಗಡಿಗೆ ಒಯ್ದು ಸರಿಯಾದ ಟಾಪ್ ಕಟ್ಟಿಸಿ, ಅವರು ಕೇಳಿದ ಕೂಲಿಯನ್ನು ಚೌಕಾಶಿ ಮಾಡದೆ ಕೊಡಿ. ತಂದೆತಾಯಿ ಇರುವ ಮನೆಯ ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ವೈರು ಇದೆಯೇ ಎಂದು ನೋಡಿಸಿ. ಇಲ್ಲದಿದ್ದರೆ ಈ ಸಲದ ಸಾಮಾನಿನ ದುಡ್ಡಿನಲ್ಲಿ ಮೊದಲು ಬಚ್ಚಲ ಬದಿಗೆ ಒಂದು ಅರ್ಥ್ ಪೈಪು ಹುಗಿಸಿ.